ಗೇಟಿಗೆ ಬಣ್ಣ ಹೊಡೆಯಹೋಗಿ

ಕುವೈತ್ ಬಿಟ್ಟು ಐರ್ಲೆಂಡಿನ ಕಾರ್ಕ್‌ಗೆ ಬಂದ ಮೇಲೆ ನಾವು ಕೊಂಡ ಮೊದಲ ಯಂತ್ರ ಏರ್ ಕಂಪ್ರೆಸರ್. ಇಲ್ಲಿ ಪೇಂಟರ್ ಕೂಲಿ ಕೇಳಿದರೆ ತಲೆ ತಿರುಗುತ್ತದೆ. ತುಕ್ಕು ಹಿಡಿದ ಗೇಟಿಗೆ ನಾವೇ ಸ್ಪ್ರೇ ಮಾಡೋಣ ಅಂದುಕೊಂಡೆವು. ಅಗ್ಗವೆಂದು 24 ಲೀಟರ್ ಟ್ಯಾಂಕಿನದು ತಂದೆವು. ಟೈರಿಗೆ ಗಾಳಿ ತುಂಬಲು ಸಾಕು, ಸ್ಪ್ರೇ ಗನ್ನಿಗೆ ಸಾಲದು. ಅರ್ಧ ಗೇಟಾಗುವಷ್ಟರಲ್ಲಿ ಒತ್ತಡ ಇಳಿದು ಬಣ್ಣ ಉಗುಳತೊಡಗಿತು. ಡಬ್ಬದ ಮೇಲಿನ ಸಿಎಫ್‌ಎಂ ಹೆಚ್ಚಾಗಿ ಪಂಪು ಒಳಗೆಳೆಯುವ ಗಾಳಿಯ ಲೆಕ್ಕ. ಹೊರಗೆ ಕೊಡುವುದು ಅದಕ್ಕಿಂತ ಕಡಿಮೆ. ಔಷಧದ ಲೇಬಲ್ ಓದಿಯೇ ಅನ್ನ ತಿನ್ನುವ ನಾವು ಇದನ್ನು ಓದಿರಲಿಲ್ಲ!

ಅದನ್ನು ಕೊಟ್ಟು 50 ಲೀಟರಿನ, ಬೆಲ್ಟಿನ ಕಂಪ್ರೆಸರ್ ತಂದೆವು. ಮನೆಯ 13 ಆಂಪ್ ಪ್ಲಗ್ಗಿಗೆ 3 ಎಚ್‌ಪಿಗಿಂತ ದೊಡ್ಡದು ಬೇಡ. ಇಲ್ಲಿಯ ತೇವದ ಹವೆಗೆ ಟ್ಯಾಂಕಿನಲ್ಲಿ ನೀರು ಸೇರುತ್ತದೆ. ವಾಟರ್ ಟ್ರ್ಯಾಪ್ ಬೇಕೇ ಬೇಕು, ಕೆಲಸ ಮುಗಿದೊಡನೆ ನೀರು ಬಿಡಬೇಕು.

ಜಗಳವಾದದ್ದು ಬಣ್ಣದ ಮೇಲೆ. ನಮ್ಮವರಿಗೆ ಕಾರಿಗೆ ಹೊಡೆಯುವ ಟೂ-ಕೆ ಬಣ್ಣವೇ ಬೇಕು. ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು, ಧೂಳಿನ ಮಾಸ್ಕ್ ತಡೆಯದು. "ಅಲ್ಲಿ ಗ್ಯಾರೇಜಿನ ಹುಡುಗರು ಮುಖಕ್ಕೆ ಬಟ್ಟೆ ಕಟ್ಟಿಯೇ ಹೊಡೆಯುತ್ತಿದ್ದರಲ್ಲ?" ಎಂದರು. ಹೌದು, ಅವರಲ್ಲಿ ಕೆಲವರು ನಮ್ಮ ಫಾರ್ಮಸಿ ಕಿಟಕಿಗೆ ಇನ್‌ಹೇಲರ್‌ಗೆ ಬರುತ್ತಿದ್ದರು. ಇವರು ಮತ್ತೆ ಮಾತಾಡಲಿಲ್ಲ. ಕಾರ್ಟ್ರಿಜ್ ಮಾಸ್ಕ್ ಹಾಕಿ, ಬಯಲಲ್ಲಿ, ಗೇಟಿಗೆ ಸಾದಾ ಎನಾಮಲ್ ಹೊಡೆದೆವು.