ಗುಡುಗುಡಿ ಮತ್ತು ಆರ್‌ಸಿಬಿ

ಆರ್‌ಸಿಬಿ ಬಗ್ಗೆ ಬರೆಯೋಕೆ ಈ ಊರಲ್ಲಿ ಜನಕ್ಕೇನೂ ಕಮ್ಮಿ ಇಲ್ಲ. ಬಸವೇಶ್ವರನಗರದ ಹಾವನೂರು ಸರ್ಕಲ್‌ನಲ್ಲಿ ಒಂದು ಟೀ ಹೇಳಿ ನಿಂತ್ರೆ ಸಾಕು, ಟೀ ಕೈಗೆ ಬರೋದ್ರೊಳಗೆ ಮೂರು ಜನ ಸೆಲೆಕ್ಟರ್‌ಗಳು ಸಿಗ್ತಾರೆ. ಹಾಗಾಗಿ 2025ರ ಸೀಸನ್ನಿನ ವಿಶ್ಲೇಷಣೆ ಅಂತ ನಾನೇನೂ ಮಾಡೋಕೆ ಹೋಗಲ್ಲ. ಆ ಎರಡೂವರೆ ತಿಂಗಳು ನಮ್ಮ ಮನೇಲಿ ಒಂದು ಹಾಡು ಹೇಗೆ ಓಡಾಡಿಕೊಂಡಿತ್ತು ಅಂತ ಹೇಳ್ತೀನಿ, ಅಷ್ಟೇ.

ಹಾಡು "ಗುಡುಗುಡಿಯ ಸೇದಿ ನೋಡೋ". ರಘು ದೀಕ್ಷಿತ್ ಪ್ರಾಜೆಕ್ಟ್‌ನವರ ಮೊದಲ ಆಲ್ಬಂನಲ್ಲಿದೆ, 2008ರದ್ದು. ಪದ ಶಿಶುನಾಳ ಷರೀಫರದ್ದು. ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಹುಕ್ಕಾ ಸೇದೋ ನೆಪದಲ್ಲಿ ಒಳಗಿನ ರೋಗ ಕಳ್ಕೊಳ್ಳೋ ಮಾತಾಡ್ತಾರೆ. ಅದಕ್ಕೆ ಇವರು ಡ್ರಮ್ಸ್, ಬೇಸ್, ಎಲೆಕ್ಟ್ರಿಕ್ ಗಿಟಾರ್, ಪಿಟೀಲು ಎಲ್ಲ ಸೇರಿಸಿದ್ದಾರೆ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಕೊಂಡು ಸ್ಟೇಜ್ ಮೇಲೆ ಕುಣಿಯೋ ಮನುಷ್ಯನ ಹಾಡನ್ನ ರಾಕ್ ಅನ್ನಬೇಕೋ ಫ್ಯೂಷನ್ ಅನ್ನಬೇಕೋ ಅಂತ ಜಗಳ ಆಡೋರಿದ್ದಾರೆ. ನನಗದು ರಾಕ್. ಡ್ರಮ್ಸ್ ಶುರುವಾದ ತಕ್ಷಣ ಕಾಲು ತಾನಾಗೇ ಅಲ್ಲಾಡಿದ್ರೆ ಅದು ರಾಕ್, ವಾದ ಮುಗೀತು :)

ನಮ್ಮ ತಮ್ಮ ಇಂಜಿನಿಯರಿಂಗ್ ಮುಗಿಸಿದ್ದು 2024ರಲ್ಲಿ. ಕ್ಯಾಂಪಸ್‌ನಲ್ಲೇ ಒಂದು ಕಂಪನಿಯಿಂದ ಆಫರ್ ಲೆಟರ್ ಸಿಕ್ಕಿತ್ತು, ಮನೆ ಮಂದಿಗೆಲ್ಲ ಮೈಸೂರು ಪಾಕ್ ಹಂಚಿಯೂ ಆಗಿತ್ತು. ಆಮೇಲೆ ಜಾಯ್ನಿಂಗ್ ಡೇಟ್ ಬರಲೇ ಇಲ್ಲ. ಸೆಪ್ಟೆಂಬರ್ ಅಂದ್ರು, ಡಿಸೆಂಬರ್ ಅಂದ್ರು, ಆಮೇಲೆ "ನಾವೇ ತಿಳಿಸ್ತೀವಿ" ಅಂತ ಒಂದು ಮೇಲ್. ಕಂಪನಿ ಹೆಸರು ಇಲ್ಲಿ ಬೇಡ. ಹುಡುಗ ಮೊದಮೊದಲು ರೇಗಾಡ್ತಿದ್ದ, ಆಮೇಲೆ ಅದೂ ನಿಂತೋಯ್ತು. ರೂಮಿನ ಬಾಗಿಲು ಹಾಕ್ಕೊಂಡ್ರೆ ಊಟಕ್ಕೆ ಮಾತ್ರ ಹೊರಗೆ. "ಏನೋ ಸಮಾಚಾರ" ಅಂದ್ರೆ "ಏನಿಲ್ಲ ಅಕ್ಕ". ಅಮ್ಮ ಊರಲ್ಲಿರೋ ದೇವರಿಗೆಲ್ಲ ಹರಕೆ ಹೊತ್ತರು. ಅಪ್ಪ ಅವನ ಎದುರಿಗೆ ಪೇಪರ್ ಓದೋದನ್ನೇ ಬಿಟ್ಟರು, ಅದರಲ್ಲಿ ಲೇಆಫ್ ಸುದ್ದಿ ಇರುತ್ತಲ್ಲ ಅಂತ.

ಮಾರ್ಚ್ 22, ಮೊದಲನೇ ಮ್ಯಾಚು, ಕೋಲ್ಕತ್ತಾದಲ್ಲಿ. ಸಂಜೆ ಏಳು ಗಂಟೆ ಹೊತ್ತಿಗೆ ನನ್ನ ಫೋನಿಗೆ ಅವನಿಂದ ಒಂದು ಲಿಂಕ್ ಬಂತು. ಒಂದೇ ಮನೆ, ಮಧ್ಯ ಒಂದು ಗೋಡೆ, ಆದ್ರೂ ವಾಟ್ಸಾಪ್! ತೆಗೆದು ನೋಡಿದ್ರೆ ಗುಡುಗುಡಿ. ಅವನು ಹೈಸ್ಕೂಲಲ್ಲಿ ಇದ್ದಾಗ ನಾವಿಬ್ರೂ ಒಂದೇ ಇಯರ್‌ಫೋನ್ ಹಂಚ್ಕೊಂಡು ಕೇಳ್ತಿದ್ದ ಹಾಡು. ಕೆಳಗೆ ಒಂದು ಸಾಲು: "ಟಿವಿ ಹಾಕು". ಆವತ್ತು ಏಳು ವಿಕೆಟ್‌ನಿಂದ ಗೆದ್ರು. ತಿಂಗಳುಗಟ್ಟಲೆ ಮಾತಿಲ್ಲದವನು ಸೋಫಾ ಮೇಲೆ ನನ್ನ ಪಕ್ಕ ಕೂತು ಮೂರು ಗಂಟೆ ಕಾಮೆಂಟರಿ ಹೇಳಿದ.

ಅಲ್ಲಿಗೆ ನಿಯಮ ಹುಟ್ಟಿಕೊಂಡಿತು. ಮ್ಯಾಚಿನ ಸ್ಟ್ರಾಟೆಜಿಕ್ ಟೈಮ್‌ಔಟ್ ಇದೆಯಲ್ಲ, ಎರಡೂವರೆ ನಿಮಿಷ, ಆಗ ಟಿವಿ ಮ್ಯೂಟ್ ಮಾಡಿ ಸ್ಪೀಕರಲ್ಲಿ ಈ ಹಾಡು ಹಾಕೋದು. "ದೇವರ ಮನೆ ಎದುರಿಗೇ ಹುಕ್ಕಾ ಸೇದು ಸೇದು ಅಂತ ಕೂಗ್ತೀರಲ್ರೋ" ಅಂತ ಅಮ್ಮನ ಗೊಣಗಾಟ. ಅಪ್ಪಂದು ಬೇರೆ ತಕರಾರು. ಅವರಿಗೆ ಷರೀಫ ಅಂದ್ರೆ ಸಿ. ಅಶ್ವತ್ಥ್, ಬೇರೆಯವರು ಮುಟ್ಟೋ ಹಾಗೇ ಇಲ್ಲ. ಆರ್‌ಸಿಬಿ ಬಗ್ಗೆಯೂ ಅವರಿಗೆ ಒಳ್ಳೆ ಅಭಿಪ್ರಾಯ ಇಲ್ಲ. "ಅದು ಕಂಪನಿ ಟೀಮು ಕಣಮ್ಮ. ನಮ್ಮ ಟೀಮು ಅಂದ್ರೆ ರಣಜಿ ಟೀಮು" ಅಂತಾರೆ. ಲೆಕ್ಕ ಹಾಕಿದ್ರೆ ಅವರ ಮಾತಲ್ಲೂ ಸತ್ಯ ಇದೆ. ಆ ವರ್ಷ ತಂಡದಲ್ಲಿ ನಮ್ಮವರು ಅಂದ್ರೆ ದೇವದತ್ತ್ ಪಡಿಕ್ಕಲ್, ರಾಯಚೂರಿನ ಮನೋಜ್ ಭಾಂಡಗೆ, ಪಡಿಕ್ಕಲ್‌ಗೆ ಪೆಟ್ಟಾದ ಮೇಲೆ ಬಂದ ಮಯಂಕ್ ಅಗರ್‌ವಾಲ್. ಮುಗೀತು.

ಹಾಡಿನ ಮಹಿಮೆ ಹೊರ ಊರಲ್ಲಿ ಚೆನ್ನಾಗೇ ನಡೀತು. ಚೆಪಾಕ್‌ನಲ್ಲಿ ಚೆನ್ನೈ ಮೇಲೆ 50 ರನ್, ಅದೂ ಅಲ್ಲಿ 2008ರ ನಂತರದ ಮೊದಲ ಗೆಲುವು. ವಾಂಖೆಡೆಯಲ್ಲಿ ಮುಂಬೈ ಮೇಲೆ 12 ರನ್. ಜೈಪುರದಲ್ಲಿ ಒಂಬತ್ತು ವಿಕೆಟ್. ಆದ್ರೆ ನಮ್ಮ ಚಿನ್ನಸ್ವಾಮಿಗೆ ಬಂದ್ರೆ ಮಾತ್ರ ಸೋಲು! ಏಪ್ರಿಲ್ 2ಕ್ಕೆ ಗುಜರಾತ್, 10ಕ್ಕೆ ಡೆಲ್ಲಿ, 18ಕ್ಕೆ ಪಂಜಾಬ್. ಮೂರೂ ಸಲ ಟಾಸ್ ಸೋತು ಮೊದಲು ಬ್ಯಾಟಿಂಗ್, ಮೂರೂ ಸಲ ಕಮ್ಮಿ ಸ್ಕೋರು.

ಇದರಲ್ಲಿ 10ನೇ ತಾರೀಕಿನ ಮ್ಯಾಚ್ ನಮ್ಮನೇಲಿ ಒಂದು ಧರ್ಮಸಂಕಟ. ಕೆ.ಎಲ್. ರಾಹುಲ್ ಡೆಲ್ಲಿ ಕಡೆಯಿಂದ 53 ಬಾಲಿಗೆ ಔಟಾಗದೆ 93 ಹೊಡೆದು ಗೆಲ್ಲಿಸಿ, ಬ್ಯಾಟಿಂದ ನೆಲದ ಮೇಲೆ ಒಂದು ವೃತ್ತ ಎಳೆದು ಬ್ಯಾಟ್ ಕುಕ್ಕಿ ನಿಂತ. ಇದು ನನ್ನ ನೆಲ, ಅಂತ. ಕಾಂತಾರ ಸಿನಿಮಾದಿಂದ ತಗೊಂಡಿದ್ದು ಅಂತ ಆಮೇಲೆ ಅವನೇ ಹೇಳಿದ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ತಮ್ಮ ಮುಖ ಊದಿಸ್ಕೊಂಡ. ನನಗೆ ಎರಡೂ ಬೇಕಿತ್ತು, ಏನ್ ಮಾಡೋದು. ಸೋತ ಬೇಜಾರಿನ ಒಳಗೇ ಎಲ್ಲೋ ಒಂದು ಸಣ್ಣ ಖುಷಿ... ನಮ್ಮ ಹುಡುಗ, ನಮ್ಮ ಗ್ರೌಂಡು, ನಮ್ಮ ಸಿನಿಮಾ. ಸೋತಿದ್ದೊಂದೇ ನಮ್ಮ ಟೀಮು.

ತಮ್ಮ ಇದನ್ನ ಒಂದು ಬಗ್ ಅಂತ ತಗೊಂಡ. ನಿಜವಾಗ್ಲೂ. ಸ್ಪ್ರೆಡ್‌ಶೀಟ್ ಮಾಡಿ ಪ್ರತಿ ಮ್ಯಾಚಿಗೆ ಹಾಡು ಯಾವ ಓವರಲ್ಲಿ ಹಾಕಿದ್ವಿ, ಪೂರ್ತಿ ಓಡ್ತಾ, ಅಮ್ಮ ಮಧ್ಯ ಮಿಕ್ಸಿ ಹಾಕಿದ್ರಾ, ಎಲ್ಲ ಬರೆದ. ಹೋಮ್ ಮ್ಯಾಚಿಗೆ ಇನ್ನಿಂಗ್ಸ್ ಬ್ರೇಕಲ್ಲಿ ಹಾಕಬೇಕು ಅಂತ ತೀರ್ಪು ಬಂತು. ನಗಬೇಡಿ. ಏಪ್ರಿಲ್ 24ಕ್ಕೆ ರಾಜಸ್ಥಾನದ ಮೇಲೆ 11 ರನ್ನಿಂದ ಗೆದ್ರು. ಮೇ 3ಕ್ಕೆ ಚೆನ್ನೈ ಮೇಲೆ ಎರಡೇ ರನ್ನು. ರೊಮಾರಿಯೋ ಶೆಫರ್ಡ್ 14 ಬಾಲಿಗೆ 53 ಹೊಡೆದಿದ್ದು ಆವತ್ತೇ. ಕೊನೇ ಓವರಲ್ಲಿ 15 ಬೇಕಿದ್ದಾಗ ಯಶ್ ದಯಾಳ್ ಬೌಲಿಂಗು. ನಾನು ಬಚ್ಚಲುಮನೆಗೆ ಹೋಗಿ ನಿಂತಿದ್ದೆ. ತಮ್ಮ ಕಿರುಚಿದ ಮೇಲೆ ಹೊರಗೆ ಬಂದಿದ್ದು.

ಮೇ 9ರಂದು ಐಪಿಎಲ್ ನಿಲ್ಲಿಸಿಬಿಟ್ರು. ಗಡಿಯಲ್ಲಿ ಪರಿಸ್ಥಿತಿ ಹಾಗಿತ್ತು, ಟಿವಿ ತುಂಬಾ ಅದೇ. ನನಗೆ ಭಯ ಆಗಿದ್ದು ಇನ್ನೊಂದಕ್ಕೆ. ಮ್ಯಾಚ್ ಇಲ್ಲ ಅಂದ್ರೆ ಇವನು ಮತ್ತೆ ಬಾಗಿಲು ಹಾಕ್ಕೋತಾನೆ ಅಂತ. ಮೊದಲ ದಿನ ಏಳೂವರೆಗೆ ಸರಿಯಾಗಿ ರೂಮಿಂದ ಬಂದ, ಸೋಫಾ ಮೇಲೆ ತನ್ನ ಜಾಗದಲ್ಲಿ ಕೂತ, ಟಿವಿ ಹಾಕಲಿಲ್ಲ. "ಅಪ್ಪ, ಅಶ್ವತ್ಥ್ ಹಾಡಿರೋ ಷರೀಫನ ಹಾಡು ಯಾವುದಾದ್ರೂ ಹಾಕಿ ನೋಡೋಣ" ಅಂದ. ಅಪ್ಪನಿಗೆ ಬೇರೆ ಏನು ಬೇಕು! ನಾಗಾಭರಣ ಅವರ 'ಸಂತ ಶಿಶುನಾಳ ಷರೀಫ' ಸಿನಿಮಾದಿಂದ ಶುರು ಮಾಡಿ, 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ'ದವರೆಗೂ ಬಂದರು. ನಾನು ಅವರ ಹೆಗಲ ಮೇಲೆ ಕೂತಿದ್ದೆನಂತೆ. ನನಗೆ ನೆನಪಿರೋದು ಕಡ್ಲೇಕಾಯಿ ಮಾತ್ರ. "ಆ ಜನಜಂಗುಳಿಯಿಂದ ಹೊರಗೆ ಬರೋವಾಗ ನಿನ್ನ ಕಾಲನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡಿದ್ದೆ" ಅಂದ್ರು. 2009ರ ಡಿಸೆಂಬರ್ 29ಕ್ಕೆ ಅಶ್ವತ್ಥ್ ಹೋದ್ರು, ಮಾರನೇ ದಿನ ವಿಷ್ಣುವರ್ಧನ್ ಹೋದ್ರು. ಆ ಎರಡು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ ಅಂತ ಅಮ್ಮ ಹೇಳಿದ್ರು. ಇದೆಲ್ಲ ನಮಗೆ ಗೊತ್ತೇ ಇರಲಿಲ್ಲ.

ಮೇ 17ಕ್ಕೆ ಮತ್ತೆ ಶುರುವಾಯ್ತು, ನಮ್ಮ ಊರಲ್ಲೇ. ಅದಕ್ಕೆ ಐದು ದಿನ ಮುಂಚೆ ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟಿದ್ರಿಂದ ಜನ ಬಿಳಿ ಬಟ್ಟೆ ಹಾಕ್ಕೊಂಡು ಸ್ಟೇಡಿಯಂಗೆ ಬಂದಿದ್ರು. ಆದ್ರೆ ಮಳೆ. ನೆಲದಡಿಯಿಂದ ನೀರು ಹೀರೋ ಯಂತ್ರ ಚಿನ್ನಸ್ವಾಮಿಯಲ್ಲಿ 2017ರಿಂದಲೂ ಇದೆ, ಆದ್ರೆ ಮೇಲಿಂದ ಸುರೀತಾನೇ ಇದ್ರೆ ಯಂತ್ರ ತಾನೇ ಏನು ಮಾಡುತ್ತೆ. ಒಂದು ಬಾಲೂ ಹಾಕಲಿಲ್ಲ. ತಮ್ಮ ಅದೇ ಆಲ್ಬಂನ ಇನ್ನೊಂದು ಷರೀಫರ ಹಾಡು ಹಾಕಿದ, "ಸೋರುತಿಹುದು ಮನಿಯ ಮಾಳಿಗಿ". ಅಪ್ಪ ಜೋರಾಗಿ ನಕ್ಕಿದ್ದು ಕೇಳಿ ಎಷ್ಟು ದಿನ ಆಗಿತ್ತು.

ಮುಂದಿನದ್ದು ನಿಮಗೂ ಗೊತ್ತು. ಲಕ್ನೋದಲ್ಲಿ 228 ಬೇಕಿದ್ದಾಗ ಜಿತೇಶ್ ಶರ್ಮಾ 33 ಬಾಲಿಗೆ 85. ಎದುರಾಳಿ ಊರಿಗೆ ಹೋಗಿ ಆಡಿದ ಲೀಗ್ ಮ್ಯಾಚು ಏಳು, ಏಳಕ್ಕೆ ಏಳೂ ಗೆಲುವು, ಅಲ್ಲಿವರೆಗೆ ಯಾರೂ ಮಾಡಿರದ ಕೆಲಸ. ಕ್ವಾಲಿಫೈಯರ್‌ನಲ್ಲಿ ಪಂಜಾಬ್ 101ಕ್ಕೆ ಆಲೌಟ್. ಅದನ್ನ ಕೆಂಗೇರಿಯಲ್ಲಿ ಚಿಕ್ಕಮ್ಮನ ಮನೇಲಿ ನೋಡಿದ್ವಿ, ಹೋಳಿಗೆ ಬಡಿಸೋದ್ರೊಳಗೆ ಮ್ಯಾಚೇ ಮುಗಿದಿತ್ತು. ಜೂನ್ 3, ಅಹಮದಾಬಾದ್, ಫೈನಲ್. 190 ರನ್ ಸಾಲದು ಅಂತ ನಾನು, ಸಾಕು ಅಂತ ತಮ್ಮ. ಕೃಣಾಲ್ ಪಾಂಡ್ಯ ನಾಲ್ಕು ಓವರಲ್ಲಿ ಬರೀ 17 ಕೊಟ್ಟು ಎರಡು ವಿಕೆಟ್ ತೆಗೆದ. ಕೊನೇ ಓವರಲ್ಲಿ ಹೇಜಲ್‌ವುಡ್ ಎರಡು ಡಾಟ್ ಬಾಲ್ ಹಾಕಿದಾಗಲೇ ಕೊಹ್ಲಿ ಕಣ್ಣಲ್ಲಿ ನೀರು. ಆರು ರನ್ ಗೆಲುವು. ಹದಿನೆಂಟನೇ ಸೀಸನ್ನಿಗೆ ಕಪ್ಪು. ಅಪ್ಪ, ಕಂಪನಿ ಟೀಮು ಅಂತಿದ್ದ ನಮ್ಮಪ್ಪ, ತಾವೇ ಸ್ಪೀಕರ್ ಹತ್ರ ಹೋಗಿ ಗುಡುಗುಡಿ ಹಾಕಿದ್ರು. ಆವತ್ತು ರಾತ್ರಿ ಬಸವೇಶ್ವರನಗರದಲ್ಲಿ ದೀಪಾವಳಿ. ನಾವು ಒಂದು ಗಂಟೆವರೆಗೂ ರೋಡಲ್ಲಿದ್ವಿ.

ಮಾರನೇ ದಿನ ನಾನು ಆಫೀಸಿಗೆ ಹೋದೆ, ವೈಟ್‌ಫೀಲ್ಡ್. ತಮ್ಮ ಮಧ್ಯಾಹ್ನ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಸ್ಟೇಡಿಯಂ ಕಡೆ ಹೊರಟ. ಹತ್ತಿದ ಮೇಲೆ ಒಂದು ಮೆಸೇಜು: "ನಿಲ್ಲೋಕೂ ಜಾಗ ಇಲ್ಲ ಅಕ್ಕ, ಸೂಪರ್". ಸಂಜೆ ಪಕ್ಕದ ಡೆಸ್ಕಿನವರು ಫೋನ್ ತೋರಿಸಿದ್ರು. ಮೊದಲು ಒಬ್ಬರು ಅಂತಿತ್ತು, ಆಮೇಲೆ ಮೂರು, ಆಮೇಲೆ ಏಳು. ಕೊನೆಗೆ ಹನ್ನೊಂದು ಜನ. ಗೇಟಿನ ಹತ್ರ ಕಾಲ್ತುಳಿತದಲ್ಲಿ.

ಅವನ ಫೋನ್ ಸಿಗಲಿಲ್ಲ. ಅಮ್ಮನಿಗೆ ಮಾಡಿದೆ, ಅವರೂ ಅದನ್ನೇ ಮಾಡ್ತಾ ಕೂತಿದ್ರು. ನಾನು ಮೆಟ್ರೋ ಹತ್ತಿದೆ, ಬೇರೆ ಏನು ಮಾಡಬೇಕು ಅಂತ ತೋಚಲಿಲ್ಲ. ಎಂ.ಜಿ. ರೋಡ್ ದಾಟಿದ ಮೇಲೆ ರೈಲು ಸುರಂಗಕ್ಕೆ ಇಳಿಯುತ್ತಲ್ಲ... ಕಬ್ಬನ್ ಪಾರ್ಕಲ್ಲಿ ಆವತ್ತು ನಿಲ್ಲಲಿಲ್ಲ, ವಿಧಾನಸೌಧದಲ್ಲೂ ನಿಲ್ಲಲಿಲ್ಲ. ಖಾಲಿ ಪ್ಲಾಟ್‌ಫಾರ್ಮಿನ ಲೈಟು ಕಿಟಕಿಯಲ್ಲಿ ಹಾದು ಹೋಯ್ತು. ಸ್ಟೇಡಿಯಂ ಅಲ್ಲೇ ಮೇಲೆ. ಬೋಗಿಯಲ್ಲಿ ಕೆಂಪು ಜರ್ಸಿ ಹಾಕಿದ್ದ ಹುಡುಗರು ನಾಲ್ಕೈದು ಜನ ಇದ್ರು, ಒಬ್ಬರೂ ಮಾತಾಡ್ತಿರಲಿಲ್ಲ.

ಏಳೂ ಇಪ್ಪತ್ತಕ್ಕೆ ಗೊತ್ತಿಲ್ಲದ ನಂಬರಿಂದ ಕಾಲ್ ಬಂತು. ಕಾರ್ಪೊರೇಷನ್ ಹತ್ರ ಒಬ್ಬ ಟೀ ಅಂಗಡಿಯವರ ಫೋನು. "ಅಕ್ಕ ನಾನೇ. ಬ್ಯಾಟರಿ ಹೋಯ್ತು. ನಡ್ಕೊಂಡು ಬರ್ತಿದ್ದೀನಿ" ಅಂದ. ಗೇಟಿನ ಕಡೆ ನೂಕುನುಗ್ಗಲು ಜಾಸ್ತಿ ಆದಾಗ ಯಾರೋ ಕೂಗಿದ್ರಂತೆ, ಇವನೂ ಇನ್ನಿಬ್ಬರೂ ಕಬ್ಬನ್ ಪಾರ್ಕ್ ಒಳಗೆ ನುಗ್ಗಿ ಹೊರಗೆ ಬಂದ್ರಂತೆ. ಅಷ್ಟೇ ಹೇಳಿದ್ದು, ಆವತ್ತೂ, ಆಮೇಲೂ. ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಅವನ ಎರಡೂ ಕೈ ಹಿಡ್ಕೊಂಡು ತುಂಬಾ ಹೊತ್ತು ಬಿಡಲಿಲ್ಲ.

ಸತ್ತವರಲ್ಲಿ ಹೆಚ್ಚಿನವರು ಅವನ ವಯಸ್ಸಿನವರು, ಅವನಿಗಿಂತ ಚಿಕ್ಕವರೂ ಇದ್ರು. ಪೇಪರಲ್ಲಿ ಫೋಟೋಗಳು ಬಂದವು. ಅವನು ಒಂದೊಂದೂ ಓದಿದ. ಆ ಸ್ಪ್ರೆಡ್‌ಶೀಟ್ ಡಿಲೀಟ್ ಮಾಡಿದ. ಹಾಡು ಮನೇಲಿ ಯಾರೂ ಹಾಕಲಿಲ್ಲ, ಯಾರೂ ಬೇಡ ಅಂತಲೂ ಹೇಳಲಿಲ್ಲ.

ಆಗಸ್ಟಲ್ಲಿ ಅವನಿಗೆ ಬೇರೆ ಒಂದು ಕಡೆ ಇಂಟರ್‌ವ್ಯೂ ಬಂತು, ನಮ್ಮ ಆಫೀಸಿನ ದಿಕ್ಕಲ್ಲೇ. ಬೆಳಗ್ಗೆ ಒಟ್ಟಿಗೆ ಹೊರಟ್ವಿ. ಸೀಟು ಸಿಕ್ತು, ಒಂದು ಇಯರ್‌ಫೋನ್ ಅವನಿಗೆ ಕೊಟ್ಟೆ. ಮೆಜೆಸ್ಟಿಕ್ ದಾಟಿದ ಮೇಲೆ ಫೋನು ತನ್ನಷ್ಟಕ್ಕೆ ಒಂದಾದ ಮೇಲೊಂದು ಹಾಡು ಹಾಕ್ತಾ ಹೋಗಿ ಗುಡುಗುಡಿ ಶುರುವಾಯ್ತು. ನಾನು ಬದಲಾಯಿಸೋಕೆ ಕೈ ಎತ್ತಿದೆ. "ಇರ್ಲಿ ಬಿಡು" ಅಂದ. ವಿಧಾನಸೌಧ ಬಂತು, ಕಬ್ಬನ್ ಪಾರ್ಕ್ ಬಂತು, ಬಾಗಿಲು ತೆಗೀತು, ಜನ ಇಳಿದ್ರು. ಅವನು ಕಾಲು ಅಲ್ಲಾಡಿಸಲಿಲ್ಲ, ಸುಮ್ಮನೆ ಕೇಳಿಸ್ಕೊಂಡ. ಎಂ.ಜಿ. ರೋಡಿಗೆ ರೈಲು ಮೇಲೆ ಬಂದು ಬೋಗಿ ತುಂಬಾ ಬೆಳಕಾದಾಗ ಇಯರ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, "ಅಕ್ಕ, ಆ ಬೈನರಿ ಸರ್ಚು ಇನ್ನೊಂದ್ಸಲ ಹೇಳ್ಕೊಡು" ಅಂದ.