ಅಟೆಂಡೆನ್ಸ್ ನೂರಕ್ಕೆ ನೂರು, ಫಸಲು ಎಷ್ಟು?

ಕಂಪನಿಗಳ ಟ್ರೈನಿಂಗ್ ಅನ್ನೋದು ನಮ್ಮ ಕಡೆ ಮದುವೆ ಊಟ ಇದ್ದಹಾಗೆ. ಎಷ್ಟು ಪಂಕ್ತಿ ಎದ್ದವು, ಎಷ್ಟು ಎಲೆ ಬಿದ್ದವು ಅಂತ ಲೆಕ್ಕ ಇಡ್ತಾರೆ. ಯಾರ ಹೊಟ್ಟೆ ತುಂಬಿತು ಅಂತ ಕೇಳೋರಿಲ್ಲ. ನಿಮಗೂ ಗೊತ್ತಿರುತ್ತೆ. ವರ್ಷದ ಕೊನೆಗೆ 'ನಿಮ್ಮ ಕಡ್ಡಾಯ ಕೋರ್ಸ್ ಬಾಕಿ ಇದೆ' ಅಂತ ಮೇಲ್ ಬರುತ್ತದೆ. ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಮ್ಯೂಟ್ ಮಾಡಿ, ಪಕ್ಕದ ಟ್ಯಾಬಿನಲ್ಲಿ ಕೆಲಸ ಮಾಡ್ಕೊಂಡು ಕೂತರೆ ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್. ಡ್ಯಾಶ್‌ಬೋರ್ಡಿನಲ್ಲಿ ನಮ್ಮ ಹೆಸರಿನ ಮುಂದೆ ಹಸಿರು ಬಣ್ಣ. ಮುಂದಿನ ಸೋಮವಾರ ನಾವು ಮಾಡೋ ಕೆಲಸದಲ್ಲಿ ಏನು ಬದಲಾಯ್ತು ಅಂತ ಆ ಹಸಿರು ಹೇಳೋದಿಲ್ಲ.

ಹೋದ ವರ್ಷ ಈ ಲೆಕ್ಕದ ಪುಸ್ತಕ ನನ್ನ ಕೈಗೇ ಬಂತು. ನಮ್ಮ ಟೀಮಿಗೆ ಕಾಲೇಜಿನಿಂದ ನೇರವಾಗಿ ಎಂಟು ಜನ ಸೇರಿದ್ದರು. ಅವರ ಮೊದಲ ಆರು ತಿಂಗಳ ಕಲಿಕೆಯನ್ನು ನೀನೇ ಪ್ಲಾನ್ ಮಾಡು ಅಂದರು ಮ್ಯಾನೇಜರ್. ಜೊತೆಗೆ ಇನ್ನೊಂದು ಮಾತು: ಆರು ತಿಂಗಳ ನಂತರ ಯಾರನ್ನು ಕನ್ಫರ್ಮ್ ಮಾಡಬೇಕು ಅನ್ನೋದಕ್ಕೆ ಕೋರ್ಸ್ ಮುಗಿಸಿದ ಲೆಕ್ಕವನ್ನೂ ಕ್ವಿಜ್ ಅಂಕವನ್ನೂ ನೋಡ್ತಾರಂತೆ. ಎರಡನೇ ವಾರದ ಪಟ್ಟಿಯಲ್ಲಿ ಕೊನೆಗಿದ್ದ ಇಬ್ಬರೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನವರು. ಒಬ್ಬಳು ಕೆ.ಆರ್. ಪೇಟೆ ಕಡೆಯ ಹುಡುಗಿ. ಇಂಗ್ಲಿಷ್ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ, ನೋಟ್ಸ್ ಬರ್ಕೊಂಡು ನೋಡೋಳು. ಅದಕ್ಕೇ ತಡ. ಡ್ಯಾಶ್‌ಬೋರ್ಡಿಗೆ ಮಾತ್ರ ಅದು ಹಿಂದೆ ಬಿದ್ದ ಲೆಕ್ಕ. ಅವಳ ಮನೆಯಲ್ಲಿ ಎಜುಕೇಶನ್ ಲೋನಿನ ಕಂತು ಆಗಲೇ ಶುರುವಾಗಿತ್ತು.

ನಾನು ಓದಿದ್ದು ಬಿ.ಇ. ಪಾಠ ಮಾಡೋದು ಹೇಗೆ ಅಂತ ನಮಗೆ ಯಾವ ಸೆಮಿಸ್ಟರಿನಲ್ಲೂ ಹೇಳಿಕೊಟ್ಟಿಲ್ಲ. ಆದರೆ ದೊಡ್ಡವರಿಗೆ, ದುಡಿಯೋರಿಗೆ, ಅನುಭವ ಇರೋರಿಗೆ ಹೊಸದನ್ನು ಕಲಿಸೋದು ಎಷ್ಟು ಕಷ್ಟ ಅಂತ ಚಿಕ್ಕಂದಿನಿಂದ ನೋಡಿದ್ದೀನಿ. ನಮ್ಮದು ನಾಗಮಂಗಲ ತಾಲ್ಲೂಕಿನ ಹಳ್ಳಿ, ಮಳೆ ನಂಬಿದ ರಾಗಿ, ಹುರುಳಿ ಭೂಮಿ. ಅಮ್ಮನ ತವರು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆ ಕೆಳಗಿನ ಕಬ್ಬು. ಅಕ್ಕನ್ನ ಕೊಟ್ಟಿರೋದು ಕೆ.ಆರ್. ಪೇಟೆಗೆ, ಅಲ್ಲಿ ಹೇಮಾವತಿ ನೀರು, ತೆಂಗು. ದೊಡ್ಡಮ್ಮನ ಗದ್ದೆ ಶ್ರೀರಂಗಪಟ್ಟಣದ ಹತ್ತಿರ, ಚಿಕ್ಕದೇವರಾಜ ಸಾಗರ ನಾಲೆಯಲ್ಲಿ. ನಾಲ್ಕೂ ಒಂದೇ ಜಿಲ್ಲೆ, ಆದರೆ ನಾಲ್ಕರದ್ದೂ ನೀರಿನ ಲೆಕ್ಕ ಬೇರೆ ಬೇರೆ.

ಅಪ್ಪ ಒಮ್ಮೆ ಎಲ್ಲೋ ಒಂದು ದಿನದ ತರಬೇತಿಗೆ ಹೋಗಿ ಬಂದಿದ್ದ. ಪೆಂಡಾಲು, ಕುರ್ಚಿ, ಊಟ, ಕೈಗೊಂದು ಬ್ಯಾಗು. ಹೆಂಗಿತ್ತು ಅಂದೆ. "ಚೆಂದಾಗಿ ಹೇಳುದ್ರು ಕಣ್ಲಾ. ಮೇಲುಗೊಬ್ಬರನ ಎರಡು ಸಲ ಮಾಡಿ ಹಾಕಿ ಅಂದ್ರು. ನಾಲೆ ಇರೋರು ಹಾಕ್ತರೆ. ನಾವು ಮೋಡ ನೋಡ್ಕಂಡು ತಾನೆ ಹಾಕ್ಬೇಕು?" ಅಂದ. ತರಬೇತಿ ಹಿಡಿಸಿತ್ತು, ವಿಷಯ ಅರ್ಥವೂ ಆಗಿತ್ತು. ಹೊಲದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಆಫೀಸಿನ ಕೆಲಸಕ್ಕಾಗಿ ಈ ವಿಷಯದ ಬಗ್ಗೆ ಓದೋಕೆ ಕೂತಾಗ ಅಪ್ಪನ ಮಾತಿಗೆ ಒಂದು ಚೌಕಟ್ಟು ಸಿಕ್ಕಿತು. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಅಂತ ಬರೆದಿದ್ದರು. ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಮಾಡಿದರೇ, ಅದರಿಂದ ಫಲ ಬಂತೇ. ಅಪ್ಪ ಎರಡನೇ ಹಂತ ಪಾಸಾಗಿ ಮೂರನೇದರಲ್ಲಿ ನಿಂತಿದ್ದ. ನಮ್ಮ ಕಂಪನಿಗಳ ಫೀಡ್‌ಬ್ಯಾಕ್ ಫಾರಂ ಮೊದಲನೇ ಹಂತ, ಕ್ವಿಜ್ ಎರಡನೇದು. ಬಹಳಷ್ಟು ಕಡೆ ಲೆಕ್ಕ ಅಲ್ಲಿಗೇ ಮುಗಿಯುತ್ತೆ, ಯಾಕಂದ್ರೆ ಆಮೇಲಿನ ಎರಡನ್ನು ಅಳೆಯೋಕೆ ಕೂತಲ್ಲಿಂದ ಎದ್ದು ಹೊಲಕ್ಕೆ ಹೋಗಬೇಕು.

ಕೃಷಿಯವರು ಹೊಲಕ್ಕೆ ಹೋಗಿ ಅಳೆದಿದ್ದಾರೆ. ಅಮೆರಿಕದ ಅಯೋವಾದಲ್ಲಿ 1928ರಿಂದ ಹೈಬ್ರಿಡ್ ಮುಸುಕಿನ ಜೋಳದ ಬೀಜ ಬಂತು. ಅದು ಹೇಗೆ ಹಬ್ಬಿತು ಅಂತ ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು 259 ರೈತರನ್ನು ಕೇಳಿ 1943ರಲ್ಲಿ ಬರೆದರು. ಸುದ್ದಿ ಮುಟ್ಟಿಸಿದ್ದು ಹೆಚ್ಚಾಗಿ ಬೀಜ ಮಾರೋರು. ಆದರೆ ಹಾಕೋಣ ಅಂತ ಮನಸ್ಸು ಮಾಡಿಸಿದ್ದರಲ್ಲಿ ಅಕ್ಕಪಕ್ಕದ ರೈತರ ಮಾತಿಗೆ ತೂಕ ಜಾಸ್ತಿ. ಇದನ್ನು ಓದಿದಾಗ ಇಂಡಾಫ್ ರಾಗಿ ನೆನಪಾಯ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯ ಅವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿ ತಂದ ತಳಿಗಳವು, ಹೆಸರಲ್ಲೇ ಎರಡೂ ಇವೆ. ನಮ್ಮ ತಾತ ಅದನ್ನ ಮೊದಲು ಬಿತ್ತಿದ್ದು ಭಾಷಣ ಕೇಳಿ ಅಲ್ಲ, ಬದುವಿನಾಚೆ ದಾಯಾದಿಯ ಹೊಲದಲ್ಲಿ ತೆನೆ ನೋಡಿ. ಮನೇಲಿ ಇವತ್ತಿಗೂ ಆ ಮಾತು ಬರ್ತದೆ.

ಇನ್ನೊಂದು ಪ್ರಯೋಗ ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯದೇ. ಹಿಂದೆ ದೇಶದ ತುಂಬ 'ತರಬೇತಿ ಮತ್ತು ಭೇಟಿ' ಅಂತ ಒಂದು ಪದ್ಧತಿ ಇತ್ತು. ಗ್ರಾಮ ಸಹಾಯಕರಿಗೆ ಹದಿನೈದು ದಿನಕ್ಕೊಮ್ಮೆ ತರಬೇತಿ, ಅವರು ಗೊತ್ತಾದ ದಿನ ಊರಿಗೆ ಬಂದು ಕೆಲವು ಆಯ್ದ ರೈತರಿಗೆ ಹೇಳೋದು, ಆ ರೈತರಿಂದ ಉಳಿದವರಿಗೆ. ಇದಕ್ಕೆ ಹೋಲಿಸಿ ನೋಡೋಣ ಅಂತ ಮೈಕ್ರೋಸಾಫ್ಟ್ ರಿಸರ್ಚಿನಲ್ಲಿದ್ದ ರಿಕಿನ್ ಗಾಂಧಿ ಮತ್ತು ಜೊತೆಯವರು ಗ್ರೀನ್ ಫೌಂಡೇಶನ್ ಸಂಸ್ಥೆಯೊಂದಿಗೆ ಸೇರಿ 'ಡಿಜಿಟಲ್ ಗ್ರೀನ್' ಶುರು ಮಾಡಿದರು. ಅದೇ ಸೀಮೆಯ ರೈತರು ತಮ್ಮ ಹೊಲದಲ್ಲಿ ಮಾಡಿ ತೋರಿಸೋ ಚಿಕ್ಕ ಚಿಕ್ಕ ವಿಡಿಯೋ. ಊರಲ್ಲೇ ಟಿವಿ ಇಟ್ಟು ತೋರಿಸೋದು. ವಿಡಿಯೋ ಹಾಕಿ ಎದ್ದು ಹೋಗೋದಲ್ಲ, ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಯಾರು ಬಂದರು, ಯಾರು ಆಸಕ್ತಿ ತೋರಿಸಿದರು, ಕೊನೆಗೆ ಯಾರು ಮಾಡಿದರು ಅಂತ ಬರೆದಿಡ್ತಾರೆ. 16 ಹಳ್ಳಿ, ಎಂಟರಲ್ಲಿ ಹೊಸ ರೀತಿ, ಎಂಟರಲ್ಲಿ ಹಳೇ ರೀತಿ, 13 ತಿಂಗಳು. ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರು ಹಳೇ ಪದ್ಧತಿಗಿಂತ ಏಳು ಪಟ್ಟು. ಒಬ್ಬ ರೈತ ಅಳವಡಿಸಿಕೊಳ್ಳೋಕೆ ಆದ ಖರ್ಚಿನ ಲೆಕ್ಕದಲ್ಲಿ ಹತ್ತು ಪಟ್ಟು ಪರಿಣಾಮ. ಗಮನಿಸಿ, ಅವರು ಎಣಿಸಿದ್ದು ವಿಡಿಯೋ ನೋಡಿದವರನ್ನಷ್ಟೇ ಅಲ್ಲ, ಮಾಡಿದವರನ್ನು.

ನಾನು ನಮ್ಮ ಎಂಟು ಜನಕ್ಕೆ ಪ್ಲಾನ್ ಬರೆದದ್ದು ಇದೇ ದಾರಿಯಲ್ಲಿ. ಮೊದಲು ಕೋರ್ಸ್ ಪಟ್ಟಿ ಮುಚ್ಚಿಟ್ಟು, ಹಿಂದಿನ ಆರು ತಿಂಗಳ ಕೋಡ್ ರಿವ್ಯೂ ಕಾಮೆಂಟುಗಳನ್ನೂ ಪ್ರೊಡಕ್ಷನ್‌ನಲ್ಲಿ ಆದ ತೊಂದರೆಗಳನ್ನೂ ಎಕ್ಸೆಲ್‌ಗೆ ಇಳಿಸಿದೆ. ಹೊಸಬರು ಪದೇ ಪದೇ ಎಡವೋದು ಐದೇ ಜಾಗದಲ್ಲಿ: ಎರರ್ ಬಂದಾಗ ಏನು ಮಾಡಬೇಕು, ಲಾಗ್ ಓದೋದು, ಡೇಟಾಬೇಸ್ ಕ್ವೆರಿ, ಟೆಸ್ಟ್ ಬರೆಯೋದು, ಗಿಟ್. ಪೋರ್ಟಲಿನ ಕಡ್ಡಾಯ ಪಟ್ಟಿಯಲ್ಲಿದ್ದ ಬಹುಪಾಲು ವಿಡಿಯೋಗಳಿಗೂ ಈ ಐದಕ್ಕೂ ಸಂಬಂಧವೇ ಇರಲಿಲ್ಲ.

ಹೇಳಿಕೊಡೋಕೆ ದೊಡ್ಡ ಆರ್ಕಿಟೆಕ್ಟನ್ನು ಕರೀಲಿಲ್ಲ. ಹಿಂದಿನ ವರ್ಷ ಸೇರಿ ಅದೇ ಗುಂಡಿಗೆ ಬಿದ್ದು ಎದ್ದವರನ್ನು ಕರೆದೆ. ಅವರು ಪಕ್ಕದ ಹೊಲದವರು. ಇಪ್ಪತ್ತು ನಿಮಿಷ, ನಮ್ಮದೇ ಕೋಡಿನ ಮೇಲೆ. ಪ್ರಶ್ನೆ ಯಾವ ಭಾಷೆಯಲ್ಲಿ ಬೇಕಾದರೂ ಕೇಳಿ ಅಂದೆವು. ಮೊದಲನೇ ದಿನ ಸುಮ್ಮನಿದ್ದ ಕೆ.ಆರ್. ಪೇಟೆ ಹುಡುಗಿ ಮೂರನೇ ಸೆಷನ್ನಿಗೆ "ಈ ಲೈನ್ ಯಾಕ್ ಬೇಕು, ತೆಗುದ್ರೆ ಏನಾಗ್ತದೆ?" ಅಂದಳು. ಉತ್ತರ ಹೇಳೋಕೆ ಸೀನಿಯರಿಗೂ ಹತ್ತು ನಿಮಿಷ ಹಿಡಿಯಿತು.

ಎರಡು ವಾರ ಬಿಟ್ಟು, ನೋಟ್ಸ್ ನೋಡದೆ ಅದೇ ವಿಷಯದ ಮೇಲೆ ಎರಡು ಪ್ರಶ್ನೆ. ಅಂಕ ಇಲ್ಲ. ಇದಕ್ಕೂ ಆಧಾರ ಇದೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದೇ ಪಾಠ ಕೊಟ್ಟು, ಕೆಲವರಿಗೆ ಮತ್ತೆ ಮತ್ತೆ ಓದಿಸಿದರು, ಕೆಲವರಿಗೆ ಓದಿದ್ದನ್ನು ನೆನಪಿಸಿಕೊಂಡು ಬರೆಯೋಕೆ ಹೇಳಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರದ್ದೇ ಮೇಲುಗೈ. ವಾರದ ನಂತರ ಕೇಳಿದರೆ ಲೆಕ್ಕ ತಿರುಗಿತು, ನೆನಪಿಸಿಕೊಂಡು ಬರೆದವರಿಗೇ ಹೆಚ್ಚು ಉಳಿದಿತ್ತು. ಕೋರ್ಸ್ ಮುಗಿದ ಐದು ನಿಮಿಷಕ್ಕೆ ಬರೋ ಕ್ವಿಜ್ ಯಾಕೆ ಅಷ್ಟು ಚೆಂದ ಕಾಣುತ್ತೆ ಅಂತ ಇದರಿಂದ ಅರ್ಥವಾಗುತ್ತೆ.

ಇಷ್ಟಾದರೂ ನೀರಿಲ್ಲದಿದ್ದರೆ ಬೀಜ ಏಳೋದಿಲ್ಲ. 1988ರಲ್ಲಿ ಬಾಲ್ಡ್‌ವಿನ್ ಮತ್ತು ಫೋರ್ಡ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ್ದರು. ಕಲಿತದ್ದು ಕೆಲಸಕ್ಕೆ ಇಳಿಯೋಕೆ ಕಲಿಯುವವರು, ಪಾಠದ ರೀತಿ ಎರಡೇ ಸಾಲದು, ಕೆಲಸದ ವಾತಾವರಣ ಮೂರನೆಯದು: ಮೇಲಿನವರ ಬೆಂಬಲ, ಕಲಿತದ್ದನ್ನು ಬಳಸುವ ಅವಕಾಶ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆ ಮೇಲಿನ ಗದ್ದೆಯವನಿಗೆ ನೀರು ಮೊದಲು, ಕೊನೆ ಭಾಗದವನಿಗೆ ಉಳಿದರೆ. ಆಫೀಸಿನಲ್ಲೂ ಅಷ್ಟೇ. ಇಂಗ್ಲಿಷ್ ಸಲೀಸಾಗಿ ಮಾತಾಡೋ ಹುಡುಗನಿಗೆ ಒಳ್ಳೇ ಟಾಸ್ಕ್ ಮೊದಲು ಸಿಗುತ್ತೆ, ಸುಮ್ಮನಿರೋಳಿಗೆ ಡಾಕ್ಯುಮೆಂಟ್ ತಿದ್ದೋ ಕೆಲಸ. ಆರು ತಿಂಗಳಾದ ಮೇಲೆ 'ಅವನು ಬೇಗ ಕಲಿತ' ಅಂತೀವಿ. ಹಾಗಾಗಿ ಒಂದು ನಿಯಮ ಹಾಕಿಸಿದೆ. ಸೆಷನ್ ಆದ ವಾರದೊಳಗೆ ಎಂಟೂ ಜನಕ್ಕೆ ಆ ವಿಷಯದ ಒಂದು ನಿಜವಾದ ಟಾಸ್ಕ್. ಯಾರಿಗೆ ಏನು ಸಿಕ್ಕಿತು ಅಂತ ಶೀಟಿನಲ್ಲಿ ಒಂದು ಕಾಲಂ.

ಅಳೆಯೋದಕ್ಕೆ ಎಂಟು ಹಳ್ಳಿಯ ಉಪಾಯವನ್ನೇ ಚಿಕ್ಕದಾಗಿ ಮಾಡಿದೆ. ಚೀಟಿ ಎತ್ತಿ ನಾಲ್ವರಿಗೆ ಮೊದಲು, ಮೂರು ವಾರ ಬಿಟ್ಟು ಉಳಿದ ನಾಲ್ವರಿಗೆ. ಈ ನಡುವೆ ಒಂದೇ ಬಗೆಯ ರಿವ್ಯೂ ಕಾಮೆಂಟ್ ಯಾರಿಗೆ ಎಷ್ಟು ಸಲ ಮರುಕಳಿಸಿತು ಅಂತ ಎಣಿಸಿದೆವು. ಮೊದಲ ಗುಂಪಿನಲ್ಲಿ ಲಾಗ್ ಮತ್ತು ಎರರ್ ವಿಷಯದ ಕಾಮೆಂಟ್ ಕಡಿಮೆಯಾಯ್ತು, ಎರಡನೇ ಗುಂಪಿಗೂ ಅವರ ಸರದಿ ಬಂದ ಮೇಲೆ ಹಾಗೇ ಆಯ್ತು. ಗಿಟ್ ವಿಷಯದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಆ ಸೆಷನ್ ಕಿತ್ತುಹಾಕಿದೆವು. ಎಂಟು ಜನರ ಲೆಕ್ಕ ಯಾವ ಸಿದ್ಧಾಂತಕ್ಕೂ ಸಾಲದು. ಆದರೆ ಎಂಟು ಜನರ ನೌಕರಿಯನ್ನು ವಿಡಿಯೋ ನೋಡಿದ ನಿಮಿಷಗಳಿಂದ ತೀರ್ಮಾನ ಮಾಡೋದಕ್ಕಿಂತ ಇದು ಮೇಲು.

ಆರನೇ ತಿಂಗಳ ಮೀಟಿಂಗಿಗೆ ಎರಡೂ ಪಟ್ಟಿ ಅಕ್ಕಪಕ್ಕ ಇಟ್ಟೆ. ಒಂದು ಕೋರ್ಸ್ ಮುಗಿಸಿದ್ದು, ಇನ್ನೊಂದು ಕೆಲಸದಲ್ಲಿ ಕಂಡದ್ದು. ಮೊದಲ ಪಟ್ಟಿಯ ಮೇಲಿನ ಹೆಸರು ಎರಡನೇದರಲ್ಲಿ ಐದನೇ ಜಾಗಕ್ಕೆ ಇಳಿದಿತ್ತು. ಕೆ.ಆರ್. ಪೇಟೆ ಹುಡುಗಿ ಕೊನೆಯಿಂದ ಮೂರನೇ ಜಾಗಕ್ಕೆ ಏರಿದ್ದಳು. ಅರ್ಧ ಗಂಟೆ ವಾದ ಆಯ್ತು. "ಇದನ್ನ ಎಲ್ಲರಿಗೂ ಮಾಡೋಕೆ ಟೈಮ್ ಎಲ್ಲಿದೆ?" ಅಂದರು ಒಬ್ಬರು. ಯಾರೂ ನೋಡದ ವಿಡಿಯೋಗೆ ಎಂಟು ಜನರ ಎಷ್ಟು ಗಂಟೆ ಹೋಗಿದೆ ಅಂತ ಅದೇ ಶೀಟಿನಲ್ಲಿ ತೋರಿಸಿದೆ. ಅವಳು ಕನ್ಫರ್ಮ್ ಆದಳು. ಪಟ್ಟಿಯಲ್ಲಿ ಕೊನೆಗಿದ್ದ ಇನ್ನೊಬ್ಬನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯ್ತು. ಅವನಿಗೆ ಸಿಕ್ಕ ಟಾಸ್ಕುಗಳ ಕಾಲಂ ನೋಡಿದರೆ ಎರಡು ತಿಂಗಳು ಖಾಲಿ. ನಿಯಮ ಇದ್ದರೂ ಅವನ ಪ್ರಾಜೆಕ್ಟ್ ನಿಂತುಹೋಗಿತ್ತು. ಆ ಖಾಲಿ ಕಾಲಂ ತೋರಿಸಿದ್ದಕ್ಕೇ ಮೂರು ತಿಂಗಳಾದರೂ ಸಿಕ್ಕಿತು ಅಂತ ನನ್ನ ಭಾವನೆ.

ನಿಮ್ಮ ಟೀಮಿಗೂ ಜುಲೈನಲ್ಲಿ ಹೊಸಬರು ಬರ್ತಾರೆ. ಯಾವ ಕೋರ್ಸ್ ಹಾಕೋಣ ಅಂತ ಯೋಚಿಸೋ ಮೊದಲು, ಆರು ವಾರದ ನಂತರ ಅವರ ಕೆಲಸದಲ್ಲಿ ಏನು ಬೇರೆ ಥರ ಕಾಣಬೇಕು ಅಂತ ಒಂದು ಸಾಲು ಬರೆದಿಡಿ. ಅದನ್ನು ಮಾಡೋಕೆ ಅವರಿಗೆ ಯಾವ ವಾರ, ಯಾವ ಟಾಸ್ಕ್ ಸಿಗುತ್ತೆ ಅಂತ ಇನ್ನೊಂದು ಸಾಲು. ನಮ್ಮಲ್ಲಿ ಆ ಹಸಿರು ಡ್ಯಾಶ್‌ಬೋರ್ಡ್ ಇನ್ನೂ ಓಡ್ತಾನೇ ಇದೆ, ನಿಲ್ಲಿಸೋ ಅಧಿಕಾರ ನನಗಿಲ್ಲ. ಅದರ ಪಕ್ಕ ಟಾಸ್ಕ್ ಸಿಕ್ಕಿತೇ ಇಲ್ಲವೇ ಅನ್ನೋ ಕಾಲಂ ಮಾತ್ರ ಸೇರಿಸಿದ್ದೀವಿ. ಈ ಸಲದ ಬ್ಯಾಚಿಗೆ ಲಾಗ್ ಓದೋ ಸೆಷನ್ ತಗೊಳ್ತಿರೋದು ಕೆ.ಆರ್. ಪೇಟೆ ಹುಡುಗಿ.