ಹೆಜ್ಜೆಯ ನೆಚ್ಚಿಕೆ

ನಡೆಯುವುದೂ ಒಂದು ವಿದ್ಯೆಯೆ ಎಂದು ಗಟ್ಟಿಕಾಲಿನವರು ನಗಬಹುದು. ಕಣ್ಣು, ಒಳಗಿವಿ, ಅಂಗಾಲು—ಈ ಮೂರೂ ಕಳುಹುವ ವರ್ತಮಾನದ ಬಲದಿಂದಲೇ ದೇಹ ನೆಟ್ಟಗೆ ನಿಂತಿದೆಯೆಂಬ ಅರಿವು ಅವರಿಗೆ ಬರುವ ಸಂದರ್ಭವೇ ಇಲ್ಲ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ವಿವರಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ನರತಂತುಗಳ ಹೊದಿಕೆ ಅಲ್ಲಲ್ಲಿ ನಶಿಸಿ, ಆ ವರ್ತಮಾನ ತಡವಾಗುತ್ತದೆ. ಕೆಲವೊಮ್ಮೆ ತಲುಪುವುದೇ ಇಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದರೂ ಕೆಲವರಿಗೆ ಮೈ ತೂಗುತ್ತದೆ.

ಒಮ್ಮೆ ಬಿದ್ದವರಲ್ಲಿ ನೋವು ಮಾಯ್ದರೂ ಅಂಜಿಕೆ ಉಳಿಯುತ್ತದೆ. ಅಂಜಿ ಕುಳಿತರೆ ಕಾಲು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಅಂಜಿಸುತ್ತದೆ. ಈ ಸುತ್ತನ್ನು ಮುರಿಯುವುದು ಅಭ್ಯಾಸವೇ. ಸ್ವಿಟ್ಜರ್ಲೆಂಡಿನ ವೈದ್ಯ ಫ್ರೆಂಕೆಲ್ 19ನೆಯ ಶತಮಾನದ ಕೊನೆಯಲ್ಲಿ, ಬೇರೊಂದು ನರರೋಗದಿಂದ ಹೆಜ್ಜೆ ತಪ್ಪುತ್ತಿದ್ದವರಿಗೆ, ಪಾದವನ್ನೇ ನೋಡುತ್ತ ನಿಧಾನವಾಗಿ ಗುರುತಿನ ಮೇಲೆ ಹೆಜ್ಜೆಯಿಡುವುದನ್ನು ಕಲಿಸಿದರು. ಇಂದಿನ ಫಿಸಿಯೋಥೆರಪಿಸ್ಟರೂ ಆ ದಾರಿಯನ್ನು ಬಿಟ್ಟಿಲ್ಲ. ಗೋಡೆಯ ಪಕ್ಕದಲ್ಲಿ ನಿಂತು ಭಾರವನ್ನು ಕಾಲಿನಿಂದ ಕಾಲಿಗೆ ಬದಲಿಸುವುದು, ಹಿಂದಿನ ಪಾದದ ಬೆರಳಿಗೆ ಮುಂದಿನದರ ಹಿಮ್ಮಡಿ ತಾಗಿಸಿ ನಡೆಯುವುದು, ದಣಿಯುವ ಮೊದಲೇ ಕೂರುವುದು—ಇವೇ ಪಾಠಗಳು. ಮೈ ಕಾದಷ್ಟೂ ನರಗಳು ಸೋಲುವುದರಿಂದ ಬೆಳಗಿನ ತಂಪುಹೊತ್ತು ಲೇಸು.

ಅಭ್ಯಾಸದಿಂದ ರೋಗ ನೀಗದು. ನಿಲುವು ಬಲಿತೀತು, ಅಂಜಿಕೆ ಇಳಿದೀತು. ಊರುಗೋಲಿಗೆ ನಾಚಿ ಮನೆಯೊಳಗೆ ಕುಳಿತವರಿಗಿಂತ, ಅದನ್ನು ಹಿಡಿದು ಬೀದಿಯ ತುದಿಯವರೆಗೆ ಹೋಗಿಬರುವವರೇ ಜಾಣರು.